ಸಂಶೋಧನೆಗೆ ಕರೆದರೆ ಒಮ್ಮೆ ಕೂತು ಓದಿ: ಬ್ರಿಟನ್ನಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡದ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ, ಮಕ್ಕಳ ಜೊತೆ ಇಲ್ಲೇ ಉಳಿದುಕೊಂಡ ಅಪ್ಪ-ಅಮ್ಮಂದಿರಿಗೆ,

ನಮಸ್ಕಾರ.

ನಾನು ಹಾಸನದ ಕಡೆಯವಳು. ಈಗ ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯಲ್ಲಿ ರಿಸರ್ಚ್ ನರ್ಸ್ ಆಗಿದ್ದೇನೆ. ಹೊಸ ಔಷಧಿ, ಹೊಸ ಪರೀಕ್ಷೆ, ಹೊಸ ಚಿಕಿತ್ಸೆ ಇವುಗಳ ಅಧ್ಯಯನ ನಡೆಯುವಾಗ ರೋಗಿಗಳನ್ನು ಮಾತಾಡಿಸಿ ವಿಷಯ ತಿಳಿಸುವುದು ನನ್ನ ಕೆಲಸ. ಒಪ್ಪಿದವರ ರಕ್ತ ತೆಗೆಯುತ್ತೇನೆ, ಬಿಪಿ ನೋಡುತ್ತೇನೆ, ಅಧ್ಯಯನ ಮುಗಿಯುವವರೆಗೂ ಫೋನ್ ಮಾಡಿ ವಿಚಾರಿಸುತ್ತಿರುತ್ತೇನೆ.

ನಿಮ್ಮ ಮನೆಗೂ ಇಂಥ ಪತ್ರ ಬಂದಿರುತ್ತದೆ. ಮೂಲೆಯಲ್ಲಿ ಎನ್‌ಎಚ್‌ಎಸ್‌ನ ನೀಲಿ ಗುರುತು, ಒಳಗೆ ನಾಲ್ಕೈದು ಪುಟದ ವಿವರ, ಈ ಅಧ್ಯಯನಕ್ಕೆ ಸೇರುತ್ತೀರಾ ಅಂತ ಒಂದು ಪ್ರಶ್ನೆ. ಅಥವಾ ಫೋನಿಗೆ ಜಿಪಿ, ಅಂದರೆ ನಿಮ್ಮ ಕುಟುಂಬ ವೈದ್ಯರ, ಕಡೆಯಿಂದ ಒಂದು ಮೆಸೇಜ್. ಎಷ್ಟೋ ಮನೆಗಳಲ್ಲಿ ಆ ಲಕೋಟೆ ಪಿಜ್ಜಾ ಅಂಗಡಿಯ ಜಾಹೀರಾತಿನ ಜೊತೆಗೇ ರೀಸೈಕ್ಲಿಂಗ್ ಡಬ್ಬಕ್ಕೆ ಹೋಗುತ್ತದೆ. ನನ್ನ ಕೋರಿಕೆ ಇಷ್ಟೇ: ಅದನ್ನು ಎಸೆಯಬೇಡಿ. ಒಮ್ಮೆ ಕೂತು ಓದಿ. ಅನುಮಾನ ಬಂದರೆ ಕೇಳಿ. ಆಮೇಲೆ ಬೇಕಾದರೆ ಒಪ್ಪಿ, ಬೇಡವೆನಿಸಿದರೆ ಬೇಡ ಅನ್ನಿ. ಆದರೆ ಓದದೆ ಬೇಡ ಅನ್ನಬೇಡಿ. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಬರೆದಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

2020ರ ಮಾರ್ಚ್ ತಿಂಗಳು ನಮಗೆಲ್ಲ ನೆನಪಿದೆ. ಕೋವಿಡ್ ಬಂದು ವಾರ್ಡುಗಳು ತುಂಬಿಹೋಗಿದ್ದವು. ಏನು ಕೊಟ್ಟರೆ ಜನ ಉಳಿಯುತ್ತಾರೆ ಅನ್ನುವುದು ಯಾವ ಡಾಕ್ಟರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಅವರ ತಂಡ 'ರಿಕವರಿ' ಅನ್ನುವ ಅಧ್ಯಯನ ಶುರು ಮಾಡಿತು. ಯೋಜನೆಯ ಮೊದಲ ಕರಡು ಬರೆದು 9 ದಿನಕ್ಕೆ ಮೊದಲ ರೋಗಿ ಸೇರಿದರು. ಸಾಮಾನ್ಯವಾಗಿ ಇದಕ್ಕೆ ತಿಂಗಳುಗಳೇ ಬೇಕು. ಜೂನ್ ಹೊತ್ತಿಗೆ ಬ್ರಿಟನ್ನಿನ ಸುಮಾರು 175 ಆಸ್ಪತ್ರೆಗಳಲ್ಲಿ 11,000ಕ್ಕೂ ಹೆಚ್ಚು ರೋಗಿಗಳು ಸೇರಿದ್ದರು. ದೊಡ್ಡ ಬೋಧನಾ ಆಸ್ಪತ್ರೆಗಳಷ್ಟೇ ಅಲ್ಲ, ಸಣ್ಣ ಊರಿನ ಜಿಲ್ಲಾ ಆಸ್ಪತ್ರೆಗಳೂ ಅದರಲ್ಲಿದ್ದವು.

ಕ್ರಮ ತುಂಬ ಸರಳವಾಗಿತ್ತು. ಒಪ್ಪಿದ ರೋಗಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಡಾಕ್ಟರು ಆರಿಸುವ ಹಾಗಿಲ್ಲ, ರೋಗಿಯೂ ಆರಿಸುವ ಹಾಗಿಲ್ಲ. ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಹೇಳುತ್ತದೆ: ಇವರಿಗೆ ಮಾಮೂಲಿ ಚಿಕಿತ್ಸೆ ಮಾತ್ರ, ಅವರಿಗೆ ಮಾಮೂಲಿ ಚಿಕಿತ್ಸೆಯ ಜೊತೆಗೆ ಈ ಔಷಧಿ. ಹೀಗೆ ಮಾಡಿದರೆ ಎರಡು ಗುಂಪುಗಳೂ ವಯಸ್ಸು, ಕಾಯಿಲೆ, ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೊನೆಗೆ ಯಾರು ಜಾಸ್ತಿ ಉಳಿದರು ಅಂತ ನೋಡಿದರೆ, ಆ ವ್ಯತ್ಯಾಸ ಔಷಧಿಯದೇ ಅಂತ ಧೈರ್ಯವಾಗಿ ಹೇಳಬಹುದು.

ಪರೀಕ್ಷೆ ಮಾಡಿದ ಔಷಧಿಗಳಲ್ಲಿ ಡೆಕ್ಸಾಮೆಥಾಸೋನ್ ಒಂದು. 1950ರ ದಶಕದ ಕೊನೆಯಿಂದ ಗೊತ್ತಿರುವ ಅಗ್ಗದ ಸ್ಟೀರಾಯ್ಡ್. ಊರಿನ ಮೆಡಿಕಲ್ ಸ್ಟೋರಿನಲ್ಲೂ ಸಿಗುವಂಥದ್ದು. ವೈರಸ್ ಸೋಂಕು ಇರುವಾಗ ಸ್ಟೀರಾಯ್ಡ್ ಕೊಟ್ಟರೆ ಕೆಡುಕಾದೀತು ಅಂತ ಎಷ್ಟೋ ಡಾಕ್ಟರುಗಳು ಹೆದರಿದ್ದರು. 2020ರ ಜೂನ್ 16ರಂದು ಫಲಿತಾಂಶ ಬಂತು. ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಶೇ. 41.4ರಿಂದ ಶೇ. 29.3ಕ್ಕೆ ಇಳಿದಿತ್ತು. ಆಮ್ಲಜನಕ ಮಾತ್ರ ಬೇಕಾಗಿದ್ದವರಲ್ಲಿ ಶೇ. 26.2ರಿಂದ ಶೇ. 23.3ಕ್ಕೆ. ಆಮ್ಲಜನಕವೇ ಬೇಕಿಲ್ಲದವರಿಗೆ ಏನೂ ಲಾಭವಾಗಲಿಲ್ಲ. ಅವರಿಗೆ ತೊಂದರೆಯೇ ಆಗಬಹುದು ಅನ್ನುವ ಸುಳಿವೂ ಅಂಕಿಗಳಲ್ಲಿತ್ತು.

ಅದೇ ದಿನ ಎನ್‌ಎಚ್‌ಎಸ್ ಈ ಔಷಧಿಯನ್ನು ಚಿಕಿತ್ಸೆಗೆ ಸೇರಿಸಿಕೊಂಡಿತು. ಜೂನ್ 27ಕ್ಕೆ ಭಾರತದ ಆರೋಗ್ಯ ಸಚಿವಾಲಯವೂ ತನ್ನ ಚಿಕಿತ್ಸಾ ಸೂಚಿಯಲ್ಲಿ ಡೆಕ್ಸಾಮೆಥಾಸೋನ್ ಸೇರಿಸಿತು. ಅಂದರೆ ಇಲ್ಲಿ ಯಾವುದೋ ಊರಿನ ವಾರ್ಡಿನಲ್ಲಿ ಉಸಿರಿಗೆ ಒದ್ದಾಡುತ್ತಾ ಮಲಗಿದ್ದವರು "ಆಗಲಿ, ನನ್ನನ್ನೂ ಸೇರಿಸಿಕೊಳ್ಳಿ" ಅಂದಿದ್ದರಿಂದ, ಎರಡು ವಾರದೊಳಗೆ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಡಾಕ್ಟರುಗಳ ಕೈಗೂ ಒಂದು ಗಟ್ಟಿ ಮಾಹಿತಿ ಸಿಕ್ಕಿತು. ಈ ಒಂದು ಔಷಧಿಯಿಂದ ಬ್ರಿಟನ್ನಿನಲ್ಲಿ 22,000 ಜೀವ, ಜಗತ್ತಿನಲ್ಲಿ ಸುಮಾರು 10 ಲಕ್ಷ ಜೀವ ಉಳಿದಿರಬಹುದು ಅಂತ 2021ರ ಮಾರ್ಚ್‌ನಲ್ಲಿ ಎನ್‌ಎಚ್‌ಎಸ್ ಅಂದಾಜು ಮಾಡಿತು. ಅದರಲ್ಲಿ ನಿಮ್ಮ ಚಿಕ್ಕಪ್ಪನೋ, ನನ್ನ ಸೋದರತ್ತೆಯೋ ಇದ್ದಿರಬಹುದು.

ಕೆಲಸ ಮಾಡದ ಔಷಧಿ ಯಾವುದು ಅಂತ ತಿಳಿಯುವುದೂ ಇಷ್ಟೇ ದೊಡ್ಡ ವಿಷಯ. ಇದನ್ನು ನಾವು ಸಾಕಷ್ಟು ಹೇಳುವುದಿಲ್ಲ ಅನ್ನಿಸುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್‌ನಿಂದ ಆಸ್ಪತ್ರೆ ಸೇರಿದವರಿಗೆ ಪ್ರಯೋಜನವಿಲ್ಲ ಅಂತ ಇದೇ ರಿಕವರಿ ಜೂನ್ ಮೊದಲ ವಾರದಲ್ಲೇ ಹೇಳಿತು. ಪ್ಲಾಸ್ಮಾ, ಅಂದರೆ ಕೋವಿಡ್‌ನಿಂದ ಗುಣವಾದವರ ರಕ್ತದ ದ್ರವಭಾಗವನ್ನು ರೋಗಿಗೆ ಕೊಡುವ ವಿಷಯವಂತೂ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ತರುತ್ತದೆ. ರಿಕವರಿಯವರು 11,558 ರೋಗಿಗಳಲ್ಲಿ ನೋಡಿದರು. ಪ್ಲಾಸ್ಮಾ ಕೊಟ್ಟವರಲ್ಲಿ ಶೇ. 24 ಜನ ತೀರಿಕೊಂಡರು, ಕೊಡದವರಲ್ಲೂ ಶೇ. 24. ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ನಡೆಸಿದ ಅಧ್ಯಯನ 2020ರಲ್ಲೇ ಇದನ್ನು ಹೇಳಿತ್ತು. ಆದರೂ 2021ರ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜನ ರಾತ್ರಿಯೆಲ್ಲ ಪ್ಲಾಸ್ಮಾ ದಾನಿಗಳನ್ನು ಹುಡುಕಿಕೊಂಡು ಅಲೆದರು. ಆ ವಾಟ್ಸಾಪ್ ಮೆಸೇಜುಗಳು ನಿಮಗೂ ಬಂದಿರುತ್ತವೆ. ಮೇ 17ಕ್ಕೆ ಭಾರತವೂ ಪ್ಲಾಸ್ಮಾವನ್ನು ಸೂಚಿಯಿಂದ ತೆಗೆಯಿತು. ಅಷ್ಟರಲ್ಲಿ ಎಷ್ಟು ಮನೆಗಳ ಹಣ, ಸಮಯ, ಕಣ್ಣೀರು ಅದಕ್ಕೆ ಹೋಗಿತ್ತು! ಸ್ಟೀರಾಯ್ಡ್ ಯಾರಿಗೆ ಬೇಡ ಅನ್ನುವುದೂ ರಿಕವರಿ ಅಧ್ಯಯನದಲ್ಲೇ ಇತ್ತು. ಅದನ್ನು ಗಮನಿಸದೆ, ಆಮ್ಲಜನಕ ಬೇಕಿಲ್ಲದವರಿಗೂ ಕೈತುಂಬ ಸ್ಟೀರಾಯ್ಡ್ ಕೊಟ್ಟ ಕಡೆಗಳಲ್ಲಿ ಏನಾಯಿತು ಅಂತ ಗೊತ್ತಲ್ಲ. ಎರಡನೇ ಅಲೆಯಲ್ಲಿ ಕರ್ನಾಟಕದಲ್ಲೂ ಕಾಣಿಸಿದ ಬ್ಲ್ಯಾಕ್ ಫಂಗಸ್‌ಗೆ ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಮತ್ತು ಸ್ಟೀರಾಯ್ಡ್‌ಗಳ ಅತಿ ಬಳಕೆ ಮುಖ್ಯ ಕಾರಣಗಳು ಅಂತ ಡಾಕ್ಟರುಗಳು ಹೇಳಿದರು.

ಸಂಶೋಧನೆ ಅಂದರೆ ಹೀಗೆ ವಾರ್ಡಿನ ಹಾಸಿಗೆಯ ಪಕ್ಕದಲ್ಲಿ ನಡೆಯುವ ಕೆಲಸ. ಈಗ ನಮ್ಮ ವಿಷಯಕ್ಕೆ ಬರುತ್ತೇನೆ.

ಬ್ರಿಟನ್ನಿನ ಅತಿ ದೊಡ್ಡ ಆರೋಗ್ಯ ಭಂಡಾರಗಳಲ್ಲಿ 'ಯುಕೆ ಬಯೋಬ್ಯಾಂಕ್' ಒಂದು. 2006ರಿಂದ 2010ರವರೆಗೆ 40ರಿಂದ 69 ವರ್ಷದ 5 ಲಕ್ಷ ಜನ ಅದಕ್ಕೆ ರಕ್ತ, ಮೂತ್ರ, ತಮ್ಮ ಬದುಕಿನ ವಿವರ ಎಲ್ಲ ಕೊಟ್ಟರು. ಹೃದಯ, ಮಿದುಳು, ಕ್ಯಾನ್ಸರ್, ಮಧುಮೇಹ ಇವುಗಳ ಬಗ್ಗೆ ಇವತ್ತು ಓದುವ ಎಷ್ಟೋ ಹೊಸ ಸುದ್ದಿಗಳ ಬೇರು ಅಲ್ಲಿದೆ. ಆದರೆ ಆ 5 ಲಕ್ಷದಲ್ಲಿ ಶೇ. 90ಕ್ಕೂ ಹೆಚ್ಚು ಜನ ಬಿಳಿಯರು. ಭಾರತ, ಪಾಕಿಸ್ತಾನ, ಬಾಂಗ್ಲಾ ಮೂಲದವರೆಲ್ಲ ಸೇರಿದರೂ ಒಂದು ಸಣ್ಣ ಪಾಲು. ಅದರೊಳಗೆ ಕನ್ನಡಿಗರು ಇನ್ನೆಷ್ಟು ಇದ್ದಾರು!

ಅದರಿಂದ ನಮಗೇನು ನಷ್ಟ ಅಂತ ಕೇಳಬಹುದು. ಒಂದು ಗುಳಿಗೆಯ ಕಥೆ ಹೇಳುತ್ತೇನೆ.

ಹಾರ್ಟ್ ಅಟ್ಯಾಕ್ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ, ಪಾರ್ಶ್ವವಾಯು ಬಡಿದವರಿಗೆ ರಕ್ತ ಹೆಪ್ಪುಗಟ್ಟದಿರಲು ಕ್ಲೋಪಿಡೋಗ್ರೆಲ್ ಕೊಡುತ್ತಾರೆ. ನಮ್ಮ ಮನೆಗಳ ಮಾತ್ರೆ ಡಬ್ಬಿಗಳಲ್ಲಿ ಇದು ತುಂಬ ಸಾಮಾನ್ಯ. ಇದು ನುಂಗಿದ ತಕ್ಷಣ ಕೆಲಸ ಮಾಡುವ ಔಷಧಿಯಲ್ಲ. ಪಿತ್ತಜನಕಾಂಗದಲ್ಲಿರುವ ಒಂದು ಕಿಣ್ವ ಇದನ್ನು ಮಾರ್ಪಡಿಸಬೇಕು. ಆಗಷ್ಟೇ ಅದಕ್ಕೆ ಶಕ್ತಿ. ಕೆಲವರಲ್ಲಿ ಹುಟ್ಟಿನಿಂದಲೇ ಆ ಕಿಣ್ವ ಮಂದ. ಅಂಥವರು ದಿನವೂ ತಪ್ಪದೆ ಗುಳಿಗೆ ನುಂಗಿದರೂ ಸಿಗಬೇಕಾದಷ್ಟು ರಕ್ಷಣೆ ಸಿಗುವುದಿಲ್ಲ. ಈ ಔಷಧಿಗೆ ದಾರಿ ಮಾಡಿಕೊಟ್ಟ 1996ರ ದೊಡ್ಡ ಅಧ್ಯಯನದಲ್ಲಿ 19,000ಕ್ಕೂ ಹೆಚ್ಚು ಜನ ಇದ್ದರು. ಅವರಲ್ಲಿ ಸುಮಾರು ಶೇ. 95 ಬಿಳಿಯರು. ಅವರಿಗೆ ಸರಿಹೋಯಿತು, ಹಾಗಾಗಿ ಎಲ್ಲರಿಗೂ ಸರಿ ಅಂತಾಯಿತು.

ಆಮೇಲೆ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು 'ಜೀನ್ಸ್ ಆ್ಯಂಡ್ ಹೆಲ್ತ್' ಅನ್ನುವ ಅಧ್ಯಯನ ಶುರು ಮಾಡಿದರು. ಪೂರ್ವ ಲಂಡನ್, ಬ್ರ್ಯಾಡ್‌ಫರ್ಡ್, ಮ್ಯಾಂಚೆಸ್ಟರ್ ಕಡೆಯ ಬಾಂಗ್ಲಾ ಮತ್ತು ಪಾಕಿಸ್ತಾನ ಮೂಲದವರು ಅದಕ್ಕೆ ಸೇರಿದರು. ಸೇರುವುದಕ್ಕೆ ಬೇಕಾದ್ದು ಒಂದು ಚಿಕ್ಕ ಟ್ಯೂಬಿನಲ್ಲಿ ಸ್ವಲ್ಪ ಎಂಜಲು ಮತ್ತು ಒಂದು ಸಹಿ. ಹಾಗೆ ಸೇರಿದ 44,000ಕ್ಕೂ ಹೆಚ್ಚು ಜನರ ವಿವರ ನೋಡಿದಾಗ ಶೇ. 57 ಜನರಲ್ಲಿ ಈ ಕಿಣ್ವವನ್ನು ಮಂದಗೊಳಿಸುವ ಜೀನ್ ಬದಲಾವಣೆ ಇತ್ತು. ಅರ್ಧಕ್ಕಿಂತ ಜಾಸ್ತಿ! ತಂದೆ-ತಾಯಿ ಇಬ್ಬರಿಂದಲೂ ಅದು ಬಂದಿದ್ದವರಲ್ಲಿ, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುತ್ತಿದ್ದರೂ ಮತ್ತೆ ಹಾರ್ಟ್ ಅಟ್ಯಾಕ್ ಆಗುವ ಸಾಧ್ಯತೆ ಸುಮಾರು ಮೂರು ಪಟ್ಟು. 2023ರಲ್ಲಿ ಇದು ಪ್ರಕಟವಾಯಿತು. ಪಾರ್ಶ್ವವಾಯು ಆದವರಿಗೆ ಕ್ಲೋಪಿಡೋಗ್ರೆಲ್ ಕೊಡುವಾಗ ಈ ಜೀನ್ ಪರೀಕ್ಷೆ ಮಾಡಬೇಕು ಅಂತ, ಎನ್‌ಎಚ್‌ಎಸ್‌ಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2024ರಲ್ಲಿ ಶಿಫಾರಸು ಮಾಡಿತು. ಈ ಗುಳಿಗೆ ಆಗದವರಿಗೆ ಬೇರೆ ಗುಳಿಗೆಗಳಿವೆ. ಯಾರಿಗೆ ಆಗುವುದಿಲ್ಲ ಅಂತ ಮೊದಲು ಗೊತ್ತಾಗಬೇಕು ಅಷ್ಟೆ. (ಈ ಸಾಲು ಓದಿ ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬೇಡಿ, ದಯವಿಟ್ಟು. ಜಿಪಿಯನ್ನು ಕೇಳಿ.)

ಇಲ್ಲೊಂದು ವಿಷಯ ಗಮನಿಸಿ. ಆ ಎಂಜಲು ಕೊಟ್ಟವರು ಬಾಂಗ್ಲಾದ ಸಿಲ್ಹೆಟ್ ಮೂಲದ ಅಜ್ಜಂದಿರು, ಪಾಕಿಸ್ತಾನದ ಆಡಳಿತದಲ್ಲಿರುವ ಕಾಶ್ಮೀರದ ಮೀರ್‌ಪುರ ಮೂಲದ ಅಮ್ಮಂದಿರು, ಅಂಥ ಮನೆಗಳ ಮಕ್ಕಳು. ನಾವಲ್ಲ. ಭಾರತದಲ್ಲಿ, ದಕ್ಷಿಣದಲ್ಲೂ, ಈ ಜೀನ್ ಬದಲಾವಣೆ ಸಾಕಷ್ಟಿದೆ ಅಂತ ಬೇರೆ ಅಧ್ಯಯನಗಳು ಹೇಳುತ್ತವೆ. ಆದರೆ ನಮ್ಮ ಜನರಲ್ಲಿ ಇನ್ನೂ ಏನೇನಿದೆ ಅಂತ ಯಾರು ನೋಡಬೇಕು? ನಾವು ಬಾಗಿಲು ತೆಗೆಯದಿದ್ದರೆ ಯಾರೂ ನೋಡಲಾರರು.

ಸಕ್ಕರೆ ಕಾಯಿಲೆಯದೂ ಇದೇ ಕಥೆ. ಎತ್ತರಕ್ಕೆ ತೂಕ ಎಷ್ಟಿದ್ದರೆ ಅಪಾಯ ಅನ್ನುವುದಕ್ಕೆ ಬಿಎಂಐ ಅಂತ ಒಂದು ಲೆಕ್ಕ ಇದೆಯಲ್ಲ, ಅದರಲ್ಲಿ 30 ದಾಟಿದರೆ ಬೊಜ್ಜು ಅಂತ ಬಹಳ ಕಾಲದಿಂದ ಹೇಳಿಕೊಂಡು ಬಂದಿದ್ದಾರೆ. 2021ರಲ್ಲಿ ಇಂಗ್ಲೆಂಡಿನ ಸುಮಾರು 14.7 ಲಕ್ಷ ಜನರ ಜಿಪಿ ದಾಖಲೆಗಳನ್ನು ಇಟ್ಟುಕೊಂಡು ಒಂದು ಅಧ್ಯಯನ ಬಂತು. ಬಿಳಿಯರಿಗೆ ಬಿಎಂಐ 30ರಲ್ಲಿ ಇರುವಷ್ಟೇ ಮಧುಮೇಹದ ಅಪಾಯ ದಕ್ಷಿಣ ಏಷ್ಯಾದವರಿಗೆ 23.9ರಲ್ಲೇ ಬಂದುಬಿಡುತ್ತದೆ ಅಂತ ಅದು ತೋರಿಸಿತು. ತೆಳ್ಳಗೆ ಕಾಣುವ, ಹೊಟ್ಟೆ ಮಾತ್ರ ಸ್ವಲ್ಪ ಮುಂದಿರುವ ನಮ್ಮ ಗಂಡಸರನ್ನು ನೆನೆಸಿಕೊಳ್ಳಿ. "ನಾನೇನು ದಪ್ಪ ಇಲ್ವಲ್ಲ" ಅನ್ನುತ್ತಿರುತ್ತಾರೆ, ಪರೀಕ್ಷೆ ಮಾಡಿಸಿದಾಗ ಸಕ್ಕರೆ ಆಗಲೇ ಏರಿರುತ್ತದೆ. ಆ ಅಧ್ಯಯನಕ್ಕೆ ಯಾರೂ ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಜಿಪಿ ದಾಖಲೆಯಲ್ಲಿ ಅವರ ಮೂಲ ಯಾವುದು ಅಂತ ಬರೆದಿತ್ತು, ಅಷ್ಟೇ ಸಾಕಾಯಿತು. ಜಿಪಿ ಫಾರಂನಲ್ಲಿ ಆ ಕಾಲಂ ಖಾಲಿ ಬಿಡುವವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ತುಂಬಿ.

ಮಧುಮೇಹವನ್ನು ಹಿಂದಕ್ಕೆ ತಳ್ಳಬಹುದು ಅಂತ 2017ರಲ್ಲಿ ತೋರಿಸಿದ 'ಡೈರೆಕ್ಟ್' ಅಧ್ಯಯನದ ಬಗ್ಗೆ ಕೇಳಿರಬಹುದು. ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡ್ ಕಡೆಯ ಜಿಪಿಗಳಲ್ಲಿ ನಡೆದಿದ್ದು. ಮೂರರಿಂದ ಐದು ತಿಂಗಳು ಊಟ ಬಿಟ್ಟು ದಿನಕ್ಕೆ ಸುಮಾರು 850 ಕ್ಯಾಲರಿಯ ಸೂಪು, ಶೇಕ್ ಮಾತ್ರ. ಒಂದು ವರ್ಷದಲ್ಲಿ ಶೇ. 46 ಜನರ ಸಕ್ಕರೆ ಔಷಧಿ ಇಲ್ಲದೆಯೇ ಹತೋಟಿಗೆ ಬಂತು. ಈಗ ಎನ್‌ಎಚ್‌ಎಸ್ ಇಂಗ್ಲೆಂಡಿನಲ್ಲಿ ಇದನ್ನು ಉಚಿತ ಕಾರ್ಯಕ್ರಮವಾಗಿ ನಡೆಸುತ್ತಿದೆ. ಆದರೆ ಮೂಲ ಅಧ್ಯಯನದಲ್ಲಿದ್ದವರು ಬಹುಪಾಲು ಬಿಳಿಯರೇ. ಅನ್ನ-ಸಾರು, ಮುದ್ದೆ, ರೊಟ್ಟಿ ತಿಂದು ಬೆಳೆದ ನಮ್ಮ ಮೈಗೆ ಇದು ಎಷ್ಟು ಒಗ್ಗುತ್ತದೆ, ನಿಲ್ಲಿಸಿದ ಮೇಲೆ ಎಷ್ಟು ದಿನ ನಿಲ್ಲುತ್ತದೆ? ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಸೇರಿದರೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಆಕ್ಸಿಮೀಟರ್ ಬಗ್ಗೆಯೂ ಒಂದು ಮಾತು. ಕೋವಿಡ್ ಕಾಲದಲ್ಲಿ ಎಲ್ಲರ ಮನೆಯಲ್ಲೂ ಒಂದಿತ್ತು. ಕಪ್ಪು ಚರ್ಮದವರಲ್ಲಿ ಅದು ಆಮ್ಲಜನಕವನ್ನು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು ಅಂತ ಮಾರ್ಗರೆಟ್ ವೈಟ್‌ಹೆಡ್ ಅವರ ನೇತೃತ್ವದಲ್ಲಿ ಬ್ರಿಟನ್ ಸರ್ಕಾರ ಮಾಡಿಸಿದ ಪರಿಶೀಲನೆ 2024ರ ಮಾರ್ಚ್‌ನಲ್ಲಿ ಹೇಳಿತು. ಉಪಕರಣವನ್ನು ಪರೀಕ್ಷಿಸುವಾಗ ಎಲ್ಲ ಬಣ್ಣದ ಬೆರಳುಗಳೂ ಇರಬೇಕಿತ್ತು, ಅಲ್ವಾ?

ನಿಮ್ಮ ಭಯವೂ ನನಗೆ ಗೊತ್ತು. "ನಮ್ಮನ್ನೇನು ಪ್ರಯೋಗದ ಪಶು ಮಾಡ್ತೀರಾ?" ಈ ಮಾತನ್ನು ನನ್ನ ಮುಖಕ್ಕೇ ಹೇಳಿದವರಿದ್ದಾರೆ. ಆ ಮಾತಿನ ಹಿಂದೆ ಸುಳ್ಳು ಭಯ ಮಾತ್ರ ಇಲ್ಲ. ಇತಿಹಾಸವೂ ಇದೆ.

1969ರಲ್ಲಿ ಕವೆಂಟ್ರಿಯಲ್ಲಿ ಒಂದು ಅಧ್ಯಯನ ನಡೆಯಿತು. ದಕ್ಷಿಣ ಏಷ್ಯಾ ಮೂಲದ ಹೆಂಗಸರಲ್ಲಿ ರಕ್ತಹೀನತೆ ಯಾಕೆ ಜಾಸ್ತಿ ಅಂತ ತಿಳಿಯುವುದು ಉದ್ದೇಶ. ಹಣ ಕೊಟ್ಟಿದ್ದು ಸರ್ಕಾರದ ಮೆಡಿಕಲ್ ರಿಸರ್ಚ್ ಕೌನ್ಸಿಲ್. ಸುಮಾರು 21 ಹೆಂಗಸರ ಮನೆಗೆ ಚಪಾತಿಗಳು ಬಂದವು. ಆ ಹಿಟ್ಟಿನಲ್ಲಿ ವಿಕಿರಣ ಸೂಸುವ ಕಬ್ಬಿಣ ಬೆರೆಸಿತ್ತು. ಮೈ ಎಷ್ಟು ಕಬ್ಬಿಣ ಹೀರಿಕೊಂಡಿತು ಅಂತ ಅಳೆಯುವುದಕ್ಕೆ. ಅವರಲ್ಲಿ ಹಲವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತಾವು ತಿನ್ನುತ್ತಿರುವುದು ಏನು ಅಂತ ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. 1995ರಲ್ಲಿ ಟಿವಿಯಲ್ಲಿ ಒಂದು ಸಾಕ್ಷ್ಯಚಿತ್ರ ಬಂದಾಗ ಹೊರಜಗತ್ತಿಗೆ ವಿಷಯ ತಿಳಿಯಿತು. 2023ರಲ್ಲಿ ಅಲ್ಲಿನ ಸಂಸದೆ ಇದರ ತನಿಖೆಯಾಗಬೇಕು ಅಂತ ಮತ್ತೆ ದನಿ ಎತ್ತಿದರು.

ಮನೆ ಬಾಗಿಲಿಗೆ ಬಂದ ಚಪಾತಿಯನ್ನು ನಂಬಿ ತಿಂದವರು ಅವರು. ಅವರಿಗಾದ ಅನ್ಯಾಯವನ್ನು ನಾನು ಮುಚ್ಚಿಡುವುದಿಲ್ಲ. ಈ ಕೆಲಸ ಮಾಡುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು. 2006ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್‌ನಲ್ಲಿ ಒಂದು ಹೊಸ ಔಷಧಿಯ ಮೊದಲ ಪರೀಕ್ಷೆಯಲ್ಲಿ ಆರು ಮಂದಿ ಆರೋಗ್ಯವಂತ ಗಂಡಸರು ಸಾವಿನ ಅಂಚಿಗೆ ಹೋಗಿ ಬಂದರು. 2017ರಲ್ಲಿ, ಲಂಡನ್ನಿನ ಒಂದು ಎನ್‌ಎಚ್‌ಎಸ್ ಟ್ರಸ್ಟ್ (ಆಸ್ಪತ್ರೆಗಳನ್ನು ನಡೆಸುವ ಸಂಸ್ಥೆ) 16 ಲಕ್ಷ ರೋಗಿಗಳ ವಿವರವನ್ನು ಗೂಗಲ್‌ಗೆ ಸೇರಿದ ಡೀಪ್‌ಮೈಂಡ್ ಕಂಪನಿಗೆ ಕೊಟ್ಟ ರೀತಿ ಕಾನೂನಿಗೆ ಸರಿಯಾಗಿರಲಿಲ್ಲ ಅಂತ, ಜನರ ಖಾಸಗಿ ಮಾಹಿತಿಯ ರಕ್ಷಣೆ ನೋಡಿಕೊಳ್ಳುವ ಮಾಹಿತಿ ಆಯುಕ್ತರ ಕಚೇರಿ ತೀರ್ಪು ಕೊಟ್ಟಿತು. ಇವೆಲ್ಲ ನಡೆದದ್ದು ನಿಜ.

ಈ ಒಂದೊಂದು ಪೆಟ್ಟಿನಿಂದಲೂ ಕಟ್ಟುಪಾಡು ಬಿಗಿಯಾಗಿದೆ ಅನ್ನುವುದೂ ಅಷ್ಟೇ ನಿಜ. ಹೊಸ ಔಷಧಿಯನ್ನು ಮೊದಲ ಸಲ ಮನುಷ್ಯರಿಗೆ ಕೊಡುವಾಗ ಈಗ ಎಲ್ಲರಿಗೂ ಒಟ್ಟಿಗೆ ಕೊಡುವುದಿಲ್ಲ. ಒಬ್ಬರಿಗೆ ಕೊಟ್ಟು, ಕಾದು ನೋಡಿ ಮುಂದಿನವರಿಗೆ ಕೊಡುತ್ತಾರೆ. ಎನ್‌ಎಚ್‌ಎಸ್ ರೋಗಿಗಳ ಮೇಲೆ ಯಾವ ಔಷಧಿಯ ಅಧ್ಯಯನ ನಡೆಯಬೇಕಾದರೂ ನೈತಿಕ ಸಮಿತಿ ಒಪ್ಪಬೇಕು. ಆ ಸಮಿತಿಯಲ್ಲಿ ಡಾಕ್ಟರುಗಳಷ್ಟೇ ಅಲ್ಲ, ವೈದ್ಯಕೀಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ಜನರೂ ಇರಲೇಬೇಕು. ನಿಮ್ಮ ಕೈಗೆ ಬರವಣಿಗೆಯಲ್ಲಿ ವಿವರ ಕೊಡಬೇಕು, ಯೋಚಿಸಲು ಸಮಯ ಕೊಡಬೇಕು. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಾಗಿಲ್ಲ. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಒಂದು ಚೂರೂ ತೊಂದರೆ ಆಗುವುದಿಲ್ಲ. ಒಂದು ವೇಳೆ ಆದರೆ, ಅದು ತಪ್ಪು, ದೂರು ಕೊಡಿ.

ನಮ್ಮವರು ಮೆಲ್ಲಗೆ ಕೇಳುವ ಇನ್ನೆರಡು ಪ್ರಶ್ನೆಗಳಿಗೂ ಉತ್ತರ ಕೊಡುತ್ತೇನೆ. ಒಂದು, ಜೀನ್ ಪರೀಕ್ಷೆಯ ಫಲಿತಾಂಶ ವಿಮೆ ಕಂಪನಿಗೆ ಸಿಕ್ಕರೆ? ಸಂಶೋಧನೆಯಲ್ಲಿ ಬಂದ, ಮುಂದೆ ಯಾವ ಕಾಯಿಲೆ ಬರಬಹುದು ಅಂತ ಹೇಳುವ ಜೀನ್ ಫಲಿತಾಂಶವನ್ನು ಕೇಳುವುದಿಲ್ಲ ಅಂತ ಇಲ್ಲಿನ ವಿಮೆ ಕಂಪನಿಗಳು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿವೆ. ಎರಡನೆಯದು ವೀಸಾ. ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ನಿಮ್ಮ ವೀಸಾ ಯಾವುದು ಅಂತ ನಾನು ಯಾರನ್ನೂ ಕೇಳಿಲ್ಲ, ಕೇಳುವ ಕಾರಣವೂ ಇಲ್ಲ. ಮಾಹಿತಿ ಯಾರ ಕೈಗೆ ಹೋಗುತ್ತದೆ, ಔಷಧಿ ಕಂಪನಿಗೂ ಹೋಗುತ್ತದಾ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ, ಇದೆಲ್ಲ ವಿವರದ ಪುಟದಲ್ಲಿ ಇರುತ್ತದೆ. ಅದನ್ನೇ ಮೊದಲು ಓದಿ. ಕಣ್ಣು ಮುಚ್ಚಿ ಸಹಿ ಹಾಕುವವರಿಗಿಂತ ಹತ್ತು ಪ್ರಶ್ನೆ ಕೇಳಿ ಒಪ್ಪುವವರು ನನಗೆ ಹೆಚ್ಚು ಇಷ್ಟ. ಅವರೇ ಕೊನೆಯವರೆಗೂ ಉಳಿಯುತ್ತಾರೆ.

ಇನ್ನೊಂದು ವಿಷಯ ನಮ್ಮ ಮನೆಯೊಳಗಿನದು. ಇದನ್ನು ಪ್ರೀತಿಯಿಂದಲೇ ಹೇಳುತ್ತೇನೆ.

ಹೃದಯದ ಕ್ಲಿನಿಕ್‌ಗೆ ಒಬ್ಬ ಅಮ್ಮ ಬಂದಿದ್ದರು. ತುಮಕೂರು ಕಡೆಯವರು, ಎಷ್ಟೋ ವರ್ಷದಿಂದ ಮಗನ ಜೊತೆ ಇಲ್ಲೇ ಇದ್ದಾರೆ. ಮಗ ತುಂಬ ಒಳ್ಳೆಯವರು, ತಾಯಿಯನ್ನು ಕೈಹಿಡಿದು ಕರೆದುಕೊಂಡು ಬಂದಿದ್ದರು. ನಾನು ಅಧ್ಯಯನದ ವಿಷಯ ತೆಗೆದ ಕೂಡಲೇ ಅವರೇ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು, "ಅದೆಲ್ಲ ಬೇಡ ಸಿಸ್ಟರ್, ಅಮ್ಮನಿಗೆ ಗೊತ್ತಾಗಲ್ಲ." ನಾನು ಕನ್ನಡದಲ್ಲಿ ಅಮ್ಮನಿಗೇ ಕೇಳಿದೆ, ಒಂದು ಐದು ನಿಮಿಷ ಹೇಳಲಾ ಅಂತ. ಅವರು ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತರು. ರಕ್ತ ಎಷ್ಟು ತೆಗೀತೀಯ ಅಂದರು. ಎರಡು ಟೀ ಚಮಚದಷ್ಟು ಅಂದೆ. ಇದರಿಂದ ನನಗೆ ಗುಣ ಆಗತ್ತಾ ಅಂದರು. ಇಲ್ಲಮ್ಮ, ನಿಮಗೆ ಆಗುತ್ತೆ ಅಂತ ಹೇಳಕ್ಕಾಗಲ್ಲ, ಮುಂದೆ ಬರೋರಿಗೆ ಅನುಕೂಲ ಆಗಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮೈದುನನೂ ಹಿಂಗೇ ಹೋದ, ಐವತ್ತು ತುಂಬಿರಲಿಲ್ಲ. ಬರ್ಕೊಳವ್ವ, ನಾನೂ ಇರ್ತೀನಿ" ಅಂದರು. ಆಮೇಲೆ ಫೋನಿನಲ್ಲಿ ಕನ್ನಡದ ದುಭಾಷಿಯನ್ನು ಕರೆಸಿ, ಎಲ್ಲವನ್ನೂ ಮತ್ತೊಮ್ಮೆ ಕ್ರಮವಾಗಿ ಹೇಳಿ, ಅವರ ಕೈಯಲ್ಲೇ ಸಹಿ ಮಾಡಿಸಿದೆವು.

ಅಪ್ಪ-ಅಮ್ಮನ ಪರವಾಗಿ ನೀವೇ ಬೇಡ ಅನ್ನಬೇಡಿ. ಅವರನ್ನೇ ಕೇಳಿ. ಅವರಿಗೆ ಅರ್ಥವಾಗುತ್ತದೆ. ಹೃದಯ, ಸಕ್ಕರೆ, ಮರೆವಿನ ಕಾಯಿಲೆ, ಇವುಗಳ ಅಧ್ಯಯನಕ್ಕೆ ಹೆಚ್ಚಾಗಿ ಬೇಕಾಗಿರುವವರೂ ಆ ವಯಸ್ಸಿನವರೇ.

ಈ ದೇಶದ ಆಸ್ಪತ್ರೆಗಳಲ್ಲಿ ಕನ್ನಡಿಗರಿಗೆ ಕಡಿಮೆ ಇಲ್ಲ. ಮೈಸೂರು, ಬೆಂಗಳೂರು, ಮಣಿಪಾಲ, ದಾವಣಗೆರೆ, ಹುಬ್ಬಳ್ಳಿಯಲ್ಲಿ ಓದಿ ಬಂದ ಡಾಕ್ಟರುಗಳು ಇಲ್ಲಿ ತುಂಬ ಜನ ಇದ್ದಾರೆ. ಸಂಶೋಧನೆ ಮಾಡುವವರಲ್ಲೂ ನಮ್ಮವರಿದ್ದಾರೆ. ಸಂಶೋಧನೆಗೆ ಸೇರುವವರ ಪಟ್ಟಿಯಲ್ಲಿ ಮಾತ್ರ ನಾವು ಕಾಣುವುದಿಲ್ಲ. ಡಾಕ್ಟರ್ ಬಂಧುಗಳೇ, ಸಂಘದ ಊಟದ ಪಂಕ್ತಿಯಲ್ಲಿ ನಿಮ್ಮ ಪಕ್ಕ ಕೂತವರು ಮೊಣಕಾಲು ನೋವಿನ ಬಗ್ಗೆ ಕೇಳಿದಾಗ ಈ ವಿಷಯವನ್ನೂ ಎತ್ತಿ. ನಾನು ಹೇಳಿದ್ದಕ್ಕಿಂತ ನೀವು ಹೇಳಿದರೆ ಜನ ಬೇಗ ನಂಬುತ್ತಾರೆ.

ಕನ್ನಡ ಸಂಘಗಳ ಪದಾಧಿಕಾರಿಗಳಿಗೆ ನನ್ನದೊಂದು ಕೋರಿಕೆ. ಆಸ್ಪತ್ರೆಗಳಲ್ಲಿ ಪಂಜಾಬಿ, ಗುಜರಾತಿ, ಬಂಗಾಳಿ, ಉರ್ದು ಭಾಷೆಯ ಮಾಹಿತಿ ಪತ್ರಗಳು ಸಿಗುತ್ತವೆ. ಕನ್ನಡದ್ದು ನನ್ನ ಕಣ್ಣಿಗೆ ಬಿದ್ದಿದ್ದು ತೀರ ಅಪರೂಪ. ಕೇಳುವವರಿಲ್ಲ ಅನ್ನುವುದೇ ಅದಕ್ಕೆ ಕಾರಣ. ಗುಜರಾತಿಗಳು, ಪಂಜಾಬಿಗಳು ಎಷ್ಟೋ ವರ್ಷ ಬಾಯಿಬಿಟ್ಟು ಕೇಳಿ ಕೇಳಿ ಪಡೆದುಕೊಂಡಿದ್ದು ಅದು. ನಿಮ್ಮ ಊರಿನ ಆಸ್ಪತ್ರೆ ಟ್ರಸ್ಟ್‌ನಲ್ಲಿ ಸಂಶೋಧನಾ ವಿಭಾಗ ಇದ್ದೇ ಇರುತ್ತದೆ. ಅವರಿಗೆ ಒಂದು ಪತ್ರ ಬರೆಯಿರಿ. ನಮ್ಮ ಹಿರಿಯರಿಗೆ ಕನ್ನಡದಲ್ಲಿ ವಿವರ ಬೇಕು, ಅನುವಾದ ಸರಿಯಾಗಿದೆಯಾ ಅಂತ ನೋಡಿಕೊಡಲು ನಾವಿದ್ದೇವೆ ಅಂತ ಹೇಳಿ. ಯುಗಾದಿಗೋ ರಾಜ್ಯೋತ್ಸವಕ್ಕೋ ಅವರನ್ನು ಕರೆದು ಒಂದು ಮೇಜು ಹಾಕಿಕೊಡಿ. ನಮ್ಮಂಥ ನರ್ಸ್‌ಗಳು ಭಾನುವಾರವಾದರೂ ಬರುತ್ತೇವೆ.

ಎಲ್ಲಿಂದ ಶುರು ಮಾಡುವುದು ಅನ್ನುವವರಿಗೆ: ಎನ್‌ಎಚ್‌ಎಸ್ ಆ್ಯಪ್‌ನಲ್ಲಿ 'ಬಿ ಪಾರ್ಟ್ ಆಫ್ ರಿಸರ್ಚ್' ಅನ್ನುವ ಭಾಗ ಇದೆ. ಅಲ್ಲಿ ಹೆಸರು ಕೊಟ್ಟು, ಯಾವ ಕಾಯಿಲೆಯ ಅಧ್ಯಯನದಲ್ಲಿ ಆಸಕ್ತಿ ಅಂತ ಗುರುತು ಹಾಕಿದರೆ ನಿಮ್ಮ ಹತ್ತಿರ ನಡೆಯುವ ಅಧ್ಯಯನಗಳ ಸುದ್ದಿ ಬರುತ್ತದೆ. 18 ದಾಟಿದ ಯಾರು ಬೇಕಾದರೂ 'ಅವರ್ ಫ್ಯೂಚರ್ ಹೆಲ್ತ್' ಅನ್ನುವ ದೊಡ್ಡ ಅಧ್ಯಯನಕ್ಕೆ ಸೇರಬಹುದು. 50 ಲಕ್ಷ ಜನರನ್ನು ಸೇರಿಸುವುದು ಅವರ ಗುರಿ, ಈ ಸಲ ಎಲ್ಲ ಮೂಲದವರೂ ಇರಬೇಕು ಅನ್ನುವುದು ಅವರ ಆಸೆ. ಆನ್‌ಲೈನ್‌ನಲ್ಲಿ ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಹತ್ತಿರದ ಕ್ಲಿನಿಕ್‌ನಲ್ಲಿ ರಕ್ತ ಕೊಟ್ಟು ಬರಬೇಕು. ಅಲ್ಲೇ ನಿಮ್ಮ ಬಿಪಿ ಮತ್ತು ಕೊಲೆಸ್ಟ್ರಾಲ್ ನೋಡಿ ಹೇಳುತ್ತಾರೆ. ಇಂಗ್ಲಿಷ್ ಕಷ್ಟವಾದರೆ ಆಸ್ಪತ್ರೆಯ ಯಾವ ಅಧ್ಯಯನಕ್ಕಾದರೂ ದುಭಾಷಿಯನ್ನು ಕೇಳಿ, ಅದಕ್ಕೆ ನೀವು ಹಣ ಕೊಡಬೇಕಾಗಿಲ್ಲ.

ಈ ಪತ್ರವನ್ನು ನಿಮ್ಮ ಸಂಘದ ಗುಂಪುಗಳಲ್ಲಿ ಹಂಚಿ. ಓದಲು ಕಷ್ಟಪಡುವ ಹಿರಿಯರಿದ್ದರೆ ಜೋರಾಗಿ ಓದಿ ಹೇಳಿ. ಪ್ರಶ್ನೆಗಳಿದ್ದರೆ ನಿಮ್ಮ ಆಸ್ಪತ್ರೆಯ ರಿಸರ್ಚ್ ನರ್ಸ್‌ಗಳನ್ನು ಹುಡುಕಿ ಕೇಳಿ. ಮಾತಾಡಿಸಿದರೆ ನಮಗೆ ಖುಷಿಯೇ.

ನಿಮ್ಮವಳೇ,
ಒಬ್ಬ ರಿಸರ್ಚ್ ನರ್ಸ್
ಮಿಡ್‌ಲ್ಯಾಂಡ್ಸ್, ಇಂಗ್ಲೆಂಡ್